ಮೆಟ್ಟಿಲ ಕೆಳಗಿನ ಜಿಪ್ ತಜ್ಞರು

ಬಾಯಿ ಮುಚ್ಚಿಕೊಂಡು ಕೂತವನಿಗೆ ಅಪಾಯವಿಲ್ಲ ಎಂದು ಹಿರಿಯರು ಹೇಳಿದ್ದಾರೆ. ಆ ಹಿರಿಯರಿಗೆ ಹೊಲಿಗೆ ಕೆಲಸ ಗೊತ್ತಿರಲಿಲ್ಲ. ಗ್ರಂಥಾಲಯದ ಮೆಟ್ಟಿಲ ಕೆಳಗೆ ಮೆಷಿನ್ ಇಟ್ಟುಕೊಂಡಿದ್ದ ನಮ್ಮ ದರ್ಜಿಗೆ ಬದುಕಿನಲ್ಲಿ ಬಂದ ಅತಿ ದೊಡ್ಡ ಫಜೀತಿ, ಬಾಯಿ ಮುಚ್ಚಿಕೊಂಡಿದ್ದರಿಂದಲೇ ಬಂತು.

ಮುಚ್ಚಿಕೊಳ್ಳದೆ ಅವನಿಗೆ ಗತಿಯೂ ಇರಲಿಲ್ಲ. ಕೆಲಸಕ್ಕೆ ಕೂತರೆ ಸಾಕು, ಗುಂಡುಸೂಜಿಗಳನ್ನು ಸಾಲಾಗಿ ತುಟಿಗಳ ನಡುವೆ ಕಚ್ಚಿಕೊಳ್ಳುವುದು ಅವನ ಪದ್ಧತಿ. ಗಿರಾಕಿ ಬಂದು "ಉದ್ದ ಸ್ವಲ್ಪ ಕಡಿಮೆ ಮಾಡ್ಬೇಕು" ಅಂದರೆ "ಹ್ಞೂಂ". "ನಾಳೆ ಸಿಗುತ್ತಾ?" ಅಂದರೆ "ಹ್ಞೂಂ". "ನಿನ್ನ ಮಾತು ನಂಬಬಾರ್ದು ಅಂತ ಎಲ್ರೂ ಹೇಳ್ತಾರೆ" ಅಂದರೂ "ಹ್ಞೂಂ". ಇಲ್ಲ ಎನ್ನಬೇಕಾದರೆ ಬಾಯಿ ತೆರೆಯಬೇಕು, ಬಾಯಿ ತೆರೆದರೆ ಸೂಜಿಗಳು ನೆಲಕ್ಕಾದರೂ ಬೀಳಬೇಕು, ಹೊಟ್ಟೆಗಾದರೂ ಇಳಿಯಬೇಕು. ಹೀಗಾಗಿ ಲೋಕದಲ್ಲಿ ಯಾರು ಏನು ಕೇಳಿದರೂ ಒಪ್ಪಿಕೊಳ್ಳುವ ಸಜ್ಜನ ಎಂಬ ಹೆಸರು ಅವನಿಗೆ ಪುಕ್ಕಟೆಯಾಗಿ ಬಂದಿತ್ತು.

ಆ ಸಜ್ಜನನಿಗೆ ಈಗ ಕಷ್ಟಕಾಲ. ಗ್ರಂಥಾಲಯಕ್ಕೆ ಹೊಸದಾಗಿ ಬಂದ ಮೇಡಂ, ಹೊಸದರಲ್ಲಿ ಅಗಸ ಗೋಣಿಯನ್ನು ಎತ್ತಿ ಎತ್ತಿ ಒಗೆದ ಹಾಗೆ, ಬಂದ ವಾರವೇ ಗೋಡೆಗಳಿಗೆಲ್ಲ "ಮೌನ" ಎಂಬ ಚೀಟಿ ಅಂಟಿಸಿದರು. ಅಂಟಿಸಿ ಮುಗಿಸಿ ಕುರ್ಚಿಯಲ್ಲಿ ಕೂತರೆ, ಕೆಳಗಿನಿಂದ ಮೆಷಿನ್ನು ಟರ್ರ್... ಟಕಟಕಟಕ... ಟರ್ರ್!

"ತಿಂಗಳ ಕೊನೆ ಹೊತ್ತಿಗೆ ನಿಮ್ಮ ಮೆಷಿನ್ ಇಲ್ಲಿಂದ ಎದ್ದಿರ್ಬೇಕು. ಜನ ಇಲ್ಲಿಗೆ ಓದೋಕೆ ಬರ್ತಾರೆ, ನಿಮ್ಮ ಟರ್ರ್ ಕೇಳೋಕಲ್ಲ. ಒಪ್ಪಿಗೆ ತಾನೆ?"

"ಹ್ಞೂಂ," ಎಂದ ದರ್ಜಿ. ಬಾಯಿ ಖಾಲಿಯಾದ ಮೇಲೆ ಅಳು ಬಂತು. ಊರೊಳಗೆ ಬೇರೆ ಕಡೆ ಬಾಡಿಗೆ ಕೊಟ್ಟು ಕೂರುವ ಶಕ್ತಿ ಅವನಿಗಿರಲಿಲ್ಲ. ಇನ್ನು ಮನೆಯೋ, ಒಳಗೆ ಮೆಷಿನ್ ಇಟ್ಟರೆ ಹೆಂಡತಿ ಹೊರಗೆ ನಿಲ್ಲಬೇಕು, ಅಷ್ಟು ವಿಶಾಲ.

ಆಗ ಬುದ್ಧಿ ಹೇಳಿದವನು ಹೆಂಡತಿಯ ತಮ್ಮ. ಈ ಭಾವಮೈದ ಚಪ್ಪಲಿ ಅಂಗಡಿಯಲ್ಲಿ ಮಾರಾಟದವನು. ಬಿಗಿಯಾದ ಬೂಟನ್ನು "ನಾಲ್ಕು ದಿನ ಹಾಕಿ, ಬೂಟೇ ನಿಮ್ಮ ಮಾತು ಕೇಳುತ್ತೆ" ಎಂದೂ, ಸಡಿಲವಾದದ್ದನ್ನು "ಕಾಲು ಉಸಿರಾಡ್ಬೇಕಲ್ವಾ ಸಾರ್" ಎಂದೂ ಮಾರಬಲ್ಲ ನಾಲಿಗೆ ಅವನದು.

"ಭಾವ, ನಿನ್ನಲ್ಲಿ ಗತ್ತಿಲ್ಲ, ಅದೇ ತೊಂದ್ರೆ. ಟೈಲರ್ ಅಂದ್ರೆ ಯಾರು ಬೇಕಾದ್ರೂ ಎಬ್ಬಿಸ್ತಾರೆ. ಒಂದು ಬೋರ್ಡ್ ಹಾಕು, ನೋಡ್ತಾ ಇರು."

ಹಾಕಿಸಿದ್ದೂ ಅವನೇ. ದಪ್ಪ ಅಕ್ಷರದಲ್ಲಿ "ಜಿಪ್ ತಜ್ಞರು" ಎಂದಿತ್ತು. ಕೆಳಗೆ ಸಣ್ಣದಾಗಿ "ಬ್ಯಾಗು, ಪ್ಯಾಂಟು, ಜಾಕೆಟ್ಟು" ಎಂದು ಬರೆಸಬೇಕೆನ್ನುವಷ್ಟರಲ್ಲಿ ಬಣ್ಣ ಮುಗಿದುಹೋಯಿತು.

ಆ ಬೋರ್ಡಿನ ಬಣ್ಣ ಒಣಗುವ ಮೊದಲೇ ಮುಖ್ಯ ಕಚೇರಿಯಿಂದ ದೊಡ್ಡ ಸಾಹೇಬರು ತಪಾಸಣೆಗೆ ಬಂದರು. ದೊಡ್ಡ ಸಾಹೇಬರಿಗೆ ಇಂಗ್ಲಿಷ್ ಪದಗಳ ಹುಚ್ಚು. ಪದ ಎಲ್ಲಿ ಹುಟ್ಟಿತು, ಯಾರ ಮನೆಯಲ್ಲಿ ಬೆಳೆಯಿತು, ಹೇಗೆ ಕೆಟ್ಟಿತು ಎಂದು ವಿಚಾರಿಸದಿದ್ದರೆ ಅವರಿಗೆ ತಿಂದದ್ದು ಅರಗುತ್ತಿರಲಿಲ್ಲ. ಮೆಟ್ಟಿಲ ಮೇಲೆ ಕಾಲಿಟ್ಟವರು ಬೋರ್ಡ್ ನೋಡಿ ಹಾಗೆಯೇ ನಿಂತರು. ಗ್ರಂಥಾಲಯದಲ್ಲಿ 'ತಜ್ಞರು' ಎಂದು ಬರೆದಿದ್ದರೆ ಅದು ಪುಸ್ತಕದ ವಿಷಯವೇ ಇರಬೇಕು ಎಂದುಕೊಳ್ಳುವುದು ದೊಡ್ಡ ಸಾಹೇಬರಾದವರಿಗೆ ಸಹಜ. ಸಣ್ಣವರಾಗಿದ್ದರೆ ಮೆಷಿನ್ನೂ ಕಣ್ಣಿಗೆ ಬೀಳುತ್ತಿತ್ತು.

"ಜಿಪ್! ಎಂಥ ಪದ ಹಿಡಿದಿದ್ದೀರಿ ಮಹನೀಯರೇ! ಸದ್ದನ್ನೇ ಅನುಕರಿಸಿ ಹುಟ್ಟಿದ್ದು, ಅಲ್ವಾ?"

ದರ್ಜಿ ಪ್ಯಾಂಟಿನ ಅಂಚು ಮಡಿಸುತ್ತಿದ್ದ. ಬಾಯಿ ತುಂಬಾ ಸೂಜಿ. "ಹ್ಞೂಂ."

"ಅರ್ಥಗಳು ಎಷ್ಟೊಂದಿವೆ! ಎಲ್ಲಾ ಗುಡ್ಡೆ ಹಾಕಿದ್ದೀರಾ?"

"ಹ್ಞೂಂ."

"ಇತಿಹಾಸ?"

"ಹ್ಞೂಂ."

"ಕಡಿಮೆ ಮಾತು! ನಿಜವಾದ ವಿದ್ವಾಂಸರ ಲಕ್ಷಣ. ಮುಂದಿನ ಭಾನುವಾರ ಓದೋ ಕೋಣೇಲಿ ಒಂದು ಉಪನ್ಯಾಸ ಕೊಡ್ತೀರಾ? ನಾನೇ ಬರ್ತೀನಿ."

ಇಷ್ಟು ಹೊತ್ತಿಗೆ ದರ್ಜಿಗೆ ಏನೋ ಎಡವಟ್ಟಾಗುತ್ತಿದೆ ಎಂದು ಹೊಳೆದಿತ್ತು. ಇಲ್ಲ ಎನ್ನಲು ತಲೆಯನ್ನು ಜೋರಾಗಿ ಅಲ್ಲಾಡಿಸಿದ. ಒಂದು ಸೂಜಿ ತುಟಿಗೆ ಚುಚ್ಚಿತು.

"ಹ್ಞೂಂಂಂಂ!"

"ಅಬ್ಬಾ, ಎಂಥ ಉತ್ಸಾಹ!" ಎಂದು ಸಾಹೇಬರು ಅವನ ಬೆನ್ನು ತಟ್ಟಿ, ಅವನು ಸೂಜಿಗಳನ್ನು ಅಂಗೈಗೆ ಉಗುಳುವಷ್ಟರಲ್ಲಿ ಕಾರು ಹತ್ತಿ ಹೋಗಿಯೇಬಿಟ್ಟರು.

ಮಾರನೆಯ ಬೆಳಿಗ್ಗೆ ಮೇಡಂ ಮೆಟ್ಟಿಲಿಳಿದು ಬಂದರು. ಅವರ ಮುಖದಲ್ಲಿ ಬಿಸಿ ತುಪ್ಪ ಬಾಯಿಗೆ ಬಿದ್ದವರ ಕಳೆ.

"ಸಾಹೇಬ್ರು ಫೋನ್ ಮಾಡಿದ್ರು. ಎಲೆಮರೆಯ ಪಂಡಿತರನ್ನ ಗುರುತಿಸಿ ಜಾಗ ಕೊಟ್ಟಿದ್ದೀರಿ, ಶಭಾಷ್ ಅಂದ್ರು. ಎಲ್ಲಾ ಶಾಖೆಗಳಿಗೂ ನನ್ನ ಉದಾಹರಣೆ ಕೊಡ್ತಾರಂತೆ."

"ಮೇಡಂ, ನಾನು ಪಂಡಿತ ಅಲ್ಲ..."

"ಅದು ನನಗೆ ಗೊತ್ತಿಲ್ವೇನ್ರೀ! ಆದ್ರೆ ನೀವು ಪಂಡಿತ ಅಲ್ಲ ಅಂದ್ರೆ ನಾನು ಏನನ್ನ ಗುರುತಿಸಿದ ಹಾಗಾಯ್ತು?"

ಕೊನೆಗೆ ಒಪ್ಪಂದವಾಯಿತು. ಮಧ್ಯಾಹ್ನದ ಹೊತ್ತು ಮೇಡಂ ದಪ್ಪ ನಿಘಂಟು ತಂದು ಓದಿ ಹೇಳುವುದು, ದರ್ಜಿ ಕೇಳಿ ನೆನಪಿಟ್ಟುಕೊಳ್ಳುವುದು. ಉಪನ್ಯಾಸ ದಡ ಸೇರಿದರೆ ಜಾಗ ಅವನದು. ಮುಳುಗಿದರೆ ಮೆಷಿನ್ನು ಬೀದಿಗೆ.

ಸುದ್ದಿ ಗಾಳಿಗಿಂತ ಮುಂಚೆ ಬೀದಿ ಮುಟ್ಟಿತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನಕ್ಕೆ ಎಲ್ಲಿಯೂ ಬರವಿಲ್ಲ. ಪಕ್ಕದ ಕ್ಷೌರದವನು ಕತ್ತರಿ ಹಿಡಿದೇ ಬಂದ.

"ಅಣ್ಣಾ, ನನ್ನ ಕತ್ತರಿ ಕಚಕಚ ಅನ್ನುತ್ತೆ. ಇದಕ್ಕೆ ಇತಿಹಾಸ ಏನಾದ್ರೂ ಇದೆಯಾ?"

"ಎಣ್ಣೆ ಹಾಕು," ಎಂದ ದರ್ಜಿ.

ಕ್ಷೌರದವನು ಅಂಗಡಿಗೆ ಹೋಗಿ, "ನೋಡಿ, ಎಂಥ ಗೂಢವಾದ ಮಾತು ಹೇಳ್ಬಿಟ್ಟ!" ಎಂದು ಅರ್ಧ ಬೋಳಿಸಿದ ಗಿರಾಕಿಯ ಹತ್ತಿರ ಕೊಂಡಾಡಿದ. ಮನೆಯ ಮಾಲೀಕ ಇದ್ದಕ್ಕಿದ್ದಂತೆ ಬಹುವಚನಕ್ಕೆ ಏರಿ, "ತಾವು ನಲ್ಲಿ ತೊಟ್ಟಿಕ್ಕುತ್ತೆ ಅಂತ ಹೇಳಿದ್ದಿರಲ್ಲ, ಆ ತೊಟ್ ತೊಟ್ ಸದ್ದು ತಮ್ಮ ಸಂಶೋಧನೆಗೆ ಬೇಕಾಗಬಹುದು ಅಂತ ರಿಪೇರಿ ಮಾಡಿಸಿಲ್ಲ," ಎಂದ. ಎಂದೂ ಮಾತಾಡಿಸದ ಸೋದರತ್ತೆ ಮನೆಗೇ ಬಂದು, "ನಮ್ಮ ಕಡೆ ಬುದ್ಧಿ ಅದು, ತಡವಾಗಿ ಹೊರಬರುತ್ತೆ," ಎಂದು ಹೆಂಡತಿಯ ಎದುರಿಗೇ ಹೇಳಿ ಟೀ ಕುಡಿದು ಹೋದಳು.

"ತಡವಾಗಿ ಅಂದ್ರೆ ಎಷ್ಟು ತಡ ಅಂತ ಕೇಳ್ಬೇಕಿತ್ತು," ಎಂದಳು ಹೆಂಡತಿ, ಲೋಟ ತೊಳೆಯುತ್ತಾ. "ರೀ, ನೀವು ಪಂಡಿತರಾಗಿ, ಬೇಡ ಅನ್ನಲ್ಲ. ಜಾಗ ಉಳಿಸ್ಕೊಳ್ಳಿ. ಉಳಿದದ್ದು ಆಮೇಲೆ."

ಜಾಗ ಉಳಿಸಿಕೊಳ್ಳುವ ವಿದ್ಯಾಭ್ಯಾಸ ಶುರುವಾಯಿತು. ಮಧ್ಯಾಹ್ನ ಮೇಡಂ ಸ್ಟೂಲಿನ ಮೇಲೆ ಕೂತು, ಕನ್ನಡಕ ಏರಿಸಿ, ಒಂದೊಂದನ್ನೇ ಬಿಡಿಸಿ ಹೇಳುವರು. ಮೊದಲು ಅದು ಬರೀ ಸದ್ದು. ಬಂದೂಕಿನ ಗುಂಡು ಗಾಳಿಯನ್ನು ಸೀಳಿಕೊಂಡು ಹೋಗುವ ಸದ್ದು, ಬಟ್ಟೆ ಹರಿಯುವ ಸದ್ದು. ಸದ್ದು ಚುರುಕಾದದ್ದರಿಂದ ಚುರುಕುತನಕ್ಕೂ ಅದೇ ಹೆಸರಾಯಿತು. ಆಟದಲ್ಲಿ ಒಂದು ಅಂಕವೂ ಬರದ ಸೊನ್ನೆಗೂ ಅದೇ ಬಂತು. ಹಲ್ಲು ಹಲ್ಲು ಕಚ್ಚಿಕೊಳ್ಳುವ ಲೋಹದ ಪಟ್ಟಿ ಮೊದಲೇ ಇತ್ತು, ಆದರೆ ಅದಕ್ಕೆ 'ಕೊಕ್ಕೆಯಿಲ್ಲದ ಬಂಧಕ' ಎಂದೇನೋ ಒಣ ಹೆಸರು. ರಬ್ಬರ್ ಬೂಟು ಮಾಡುವ ಒಂದು ಕಂಪನಿ ಆ ಪಟ್ಟಿಯನ್ನು ಬೂಟಿಗೆ ಹಚ್ಚಿ, ಬೂಟಿಗೆ 'ಜಿಪ್ಪರ್' ಎಂದು ಹೆಸರಿಟ್ಟಿತು. ಬೂಟು ಸವೆದುಹೋಯಿತು, ಹೆಸರು ಪಟ್ಟಿಗೆ ಅಂಟಿಕೊಂಡಿತು. ನಮ್ಮ ಪಿನ್ ಕೋಡಿನ ಹಾಗೆ ಅಮೆರಿಕದವರು ವಿಳಾಸಕ್ಕೆ ಬರೆಯುವ ಅಂಚೆಯ ಜಿಪ್ಪು ಮಾತ್ರ ಬೇರೆ ಮನೆತನ. ಅದು ಮೂರು ಪದಗಳ ಮೊದಲಕ್ಷರ ಸೇರಿಸಿ ಮಾಡಿದ್ದು.

ಹೇಳುತ್ತಾ ಹೇಳುತ್ತಾ ಮೇಡಂಗೂ ರುಚಿ ಹತ್ತಿತು. ಒಂದು ದಿನ ಅವರು ಬೂಟಿನ ಭಾಗ ಓದುತ್ತಿದ್ದಾಗ ಗಿರಾಕಿ ಬಂದನೆಂದು, "ಸ್ವಲ್ಪ ತಡೀರಿ, ಪಾಠ ನಡೀತಿದೆ," ಎಂದು ತಾವೇ ಗದರಿಸಿದರು.

ಸಂಜೆ ಮನೆಯಲ್ಲಿ ಭಾವಮೈದನ ಪಾಠ. "ಮೇಡಂ ಹೇಳೋದು ಒಣ ಹುಲ್ಲು ಭಾವ. ಜನಕ್ಕೆ ರಸ ಬೇಕು. ನಾನು ಹೇಳ್ತೀನಿ ಕೇಳು. ಹಿಂದೆ ಜಿಪ್ಪ ಅಂತ ಒಬ್ಬ ರಾಜ ಇದ್ದ. ಹೊಟ್ಟೆ ಇಷ್ಟು ದಪ್ಪ. ದರ್ಬಾರಲ್ಲಿ ಆಕಳಿಸಿದ್ರೆ ಅಂಗಿ ಗುಂಡಿ ಪಟಪಟ ಹಾರಿ ಮಂತ್ರಿಗಳ ಕಣ್ಣಿಗೆ ಬೀಳೋದು. ಮಂತ್ರಿಮಂಡಲ ಪೂರ್ತಿ ಒಕ್ಕಣ್ಣಾದ ಮೇಲೆ..."

ದರ್ಜಿ ಶ್ರದ್ಧೆಯಿಂದ ಎರಡನ್ನೂ ಕೇಳಿದ. ಅವನ ತಲೆ ಒಂದೇ ಕಿಸೆಯ ಅಂಗಿ. ಮಧ್ಯಾಹ್ನದ್ದೂ ಸಂಜೆಯದ್ದೂ ಒಳಗೆ ಕಲಸಿಕೊಂಡಿತು. ಯಾರು ಯಾವುದನ್ನು ಹೇಳಿದರು ಎಂಬುದನ್ನು ಅವನು ನ್ಯಾಯವಾಗಿ ಯೋಚಿಸಿ ತೀರ್ಮಾನಿಸಿದ. ಇತಿಹಾಸ ಅಂದ ಮೇಲೆ ರಾಜರು ಇರಲೇಬೇಕು, ಆದ್ದರಿಂದ ಜಿಪ್ಪರಾಜ ನಿಘಂಟಿನವನು. ಬೂಟಿನ ಮಾತು ಬಂತೆಂದರೆ ಅದು ಚಪ್ಪಲಿ ಅಂಗಡಿಯದೇ, ಆದ್ದರಿಂದ ಅದು ಭಾವಮೈದನ ಬೊಗಳೆ. ಬೂಟಿನ ಬೆನ್ನಿಗೆ ಬಂದ ಕೊಕ್ಕೆ, ಸೊನ್ನೆ, ಗುಂಡಿನ ಸದ್ದು, ಅಂಚೆ ಎಲ್ಲವೂ ಅದೇ ಬೊಗಳೆ. ಇಷ್ಟು ವಿಂಗಡಿಸಿದ ಮೇಲೆ ಅವನಿಗೆ ಚೆನ್ನಾಗಿ ನಿದ್ದೆ ಬಂತು.

ಭಾನುವಾರ ಬೆಳಿಗ್ಗೆ ಸಾಹೇಬರು ಹೊತ್ತಿಗೆ ಮುಂಚೆಯೇ ಬಂದರು. ಹಿಂದೆ ಇಬ್ಬರು ಕೂಲಿಗಳು, ಒಂದು ಹೊಸ ಮೇಜು, ಒಂದು ಕುರ್ಚಿ.

"ಪಂಡಿತರೇ, ನಿಮಗೊಂದು ಬಹುಮಾನ! ನಿಮ್ಮಂಥವರು ಹೊಟ್ಟೆಪಾಡಿಗೆ ಪ್ಯಾಂಟು ಹೊಲೀತಾ ಕೂರ್ತೀರಿ ಅಂತ ಮೊನ್ನೆ ಯಾರೋ ಹೇಳಿದ್ರು, ನಮಗೆಲ್ಲ ನಾಚಿಕೆ. ಇವತ್ತು ಉಪನ್ಯಾಸ ಗೆದ್ದರೆ ಈ ಮೆಟ್ಟಿಲ ಕೆಳಗಿನ ಜಾಗ 'ಪದ ಸಂಶೋಧನಾ ವಿಭಾಗ'. ನೀವು ಇಲ್ಲಿ ಗೌರವ ಸಂಶೋಧಕರು. ಆ ಮೆಷಿನ್ ಉಗ್ರಾಣಕ್ಕೆ!"

"ಮತ್ತೆ... ಸಂಬಳ ಸಾರ್?"

"ಛೆ ಛೆ! ಗೌರವ ಸಂಶೋಧಕರಿಗೆ ಸಂಬಳ ಕೊಟ್ಟು ಅವಮಾನ ಮಾಡ್ತೀವೇನ್ರೀ!"

ದರ್ಜಿಯ ಮುಖ ಇಸ್ತ್ರಿ ತಪ್ಪಿದ ಬಟ್ಟೆಯ ಹಾಗಾಯಿತು. ಸೋತರೆ ಮೇಡಂ ಓಡಿಸುತ್ತಾರೆ ಎಂದು ಅಷ್ಟು ದಿನ ಹೆದರಿದ್ದ. ಈಗ ನೋಡಿದರೆ ಗೆದ್ದರೆ ಸಾಹೇಬರೇ ಮೆಷಿನ್ ಎತ್ತಿಸುತ್ತಾರೆ. ಅವನು ಗೋಡೆಯ ಮರೆಗೆ ಹೋಗಿ, ಉಪನ್ಯಾಸ ಕೇಳಲು ಬಂದಿದ್ದ ಹೆಂಡತಿಗೆ ಪಿಸುಗುಟ್ಟಿದ. "ಏನೇ ಮಾಡೋದು? ಅತ್ತ ದರಿ, ಇತ್ತ ಪುಲಿ."

"ಸೋಲಿ," ಎಂದಳು ಅವಳು ತಡಮಾಡದೆ. "ಮೇಡಂ ಕೈಕಾಲಾದ್ರೂ ಹಿಡೀಬಹುದು, ಈಗ ಅವರಿಗೆ ನಿಮ್ಮ ಮೇಲೆ ಸ್ವಲ್ಪ ಕರುಣೆ ಬಂದಿದೆ. ಈ ಮನುಷ್ಯನ ಸನ್ಮಾನದಿಂದ ತಪ್ಪಿಸ್ಕೊಳ್ಳೋಕೆ ಆಗಲ್ಲ. ಬಾಯಿಗೆ ಬಂದ ಸುಳ್ಳೆಲ್ಲ ಹೇಳಿ. ಅಷ್ಟೂ ಆಗಲ್ವಾ ನಿಮ್ಮ ಕೈಲಿ?"

ಆಗುತ್ತದೆ ಎನಿಸಿತು. ಭಾವಮೈದನ ಸರಕು ತಲೆಯಲ್ಲಿ ಬೇಕಾದಷ್ಟಿತ್ತು.

ಓದುವ ಕೋಣೆ ತುಂಬಿತ್ತು. ಮುಂದಿನ ಸಾಲಿನಲ್ಲಿ ಸಾಹೇಬರು, ತೊಡೆಯ ಮೇಲೆ ಅದೇ ದಪ್ಪ ನಿಘಂಟು. ಪಕ್ಕದಲ್ಲಿ ಮೇಡಂ, ಪರೀಕ್ಷೆಗೆ ಕೂತ ಮಗುವಿನ ತಾಯಿಯ ಹಾಗೆ ಸೀರೆಯ ಸೆರಗು ಹಿಂಡುತ್ತಾ. ಎಲ್ಲರಿಗಿಂತ ಹಿಂದೆ ದಿನವೂ ಬಂದು ಪೇಪರ್ ಹೊದ್ದು ಮಲಗುವ ಅಜ್ಜ, ಎಲ್ಲರೂ ಪೇಪರ್ ಅಜ್ಜ ಎನ್ನುವುದು ಇವನನ್ನೇ.

ದರ್ಜಿ ಎದ್ದು ನಿಂತ. ಅತಿ ದೊಡ್ಡ ಸುಳ್ಳಿನಿಂದಲೇ ಶುರುಮಾಡೋಣ ಎಂದುಕೊಂಡು ಗಂಟಲು ಸರಿಮಾಡಿದ.

"ಮಾನ್ಯರೇ, ಜಿಪ್ಪು ಅನ್ನೋ ಹೆಸರು ಬಂದದ್ದು... ಬೂಟಿಂದ!"

ಜನ ಗೊಳ್ಳೆಂದರು. ದರ್ಜಿಗೆ ಧೈರ್ಯ ಬಂತು. ಭಾವಮೈದ ಹಿಂದಿನಿಂದ "ಅಯ್ಯೋ, ರಾಜ, ರಾಜ!" ಎಂದು ಕೈಸನ್ನೆ ಮಾಡುತ್ತಿದ್ದ. ಸಾಹೇಬರು ಪುಟ ತಿರುವಿದರು. ತಿರುವಿದವರು ತೊಡೆ ತಟ್ಟಿಕೊಂಡರು.

"ಸರಿ! ನೂರಕ್ಕೆ ನೂರು ಸರಿ! ರಬ್ಬರ್ ಬೂಟು!"

ದರ್ಜಿ ಭಾವಮೈದನ ಕಡೆ ತಿರುಗಿ ನೋಡಿದ. ಚಪ್ಪಲಿ ಅಂಗಡಿಯ ಸುಳ್ಳು ನಿಘಂಟಿಗೆ ಹೇಗೆ ನುಗ್ಗಿತು? ಇರಲಿ, ಇನ್ನೊಂದು. "ಅದಕ್ಕೂ ಮುಂಚೆ ಆ ಪಟ್ಟೀನ ಕೊಕ್ಕೆಯಿಲ್ಲದ್ದು, ಕೊಕ್ಕೆಯಿಲ್ಲದ್ದು ಅಂತ ಕರೀತಿದ್ರು. ಇಲ್ಲದ್ದನ್ನ ಹೇಳಿ ಯಾರಾದ್ರೂ ಹೆಸರಿಡ್ತಾರಾ? ನನ್ನನ್ನ ಬಾಲ ಇಲ್ಲದೋನು ಅಂತ ಕರೆದ ಹಾಗೆ!"

"ಸರಿ!" ಎಂದರು ಸಾಹೇಬರು. "ಬಾಲದ ಉಪಮೆ ಅದ್ಭುತ!"

"ಸೊನ್ನೆಗೂ ಜಿಪ್ಪೇ!" ಎಂದು ದರ್ಜಿ ಕೂಗಿದ. ಅವನ ಹಣೆಯಿಂದ ಬೆವರು ಇಳಿಯುತ್ತಿತ್ತು. "ಹುಮ್ಮಸ್ಸಿಗೂ ಜಿಪ್ಪೇ! ಮೈತುಂಬ ಹುರುಪು ಇರೋನಿಗೂ ಅದೇ, ಏನೂ ಇಲ್ಲದ ಸೊನ್ನೆಗೂ ಅದೇ! ಎಲ್ಲಾದ್ರೂ ಉಂಟಾ ಇದು? ನೀವೇ ಹೇಳಿ, ಇದು ಸುಳ್ಳಲ್ವಾ?"

"ಸುಳ್ಳಲ್ಲ, ಸುಳ್ಳಲ್ಲ!" ಸಾಹೇಬರು ನಿಘಂಟನ್ನು ಎತ್ತಿ ಜನಕ್ಕೆ ತೋರಿಸಿದರು. "ನೋಡಿ, ನಮ್ಮನ್ನೇ ಪ್ರಶ್ನೆ ಮಾಡಿ ಪಾಠ ಮಾಡೋ ಕ್ರಮ!"

"ಅಂಚೆ ಜಿಪ್ಪು ಇದರ ನೆಂಟನೇ ಅಲ್ಲ!"

"ಸರಿ!"

"ಎಲ್ಲಕ್ಕೂ ಮೊದ್ಲು ಅದು ಬರೀ ಗಾಳೀಲಿ ಹೋಗೋ ಗುಂಡಿನ ಸದ್ದು! ತಂದೆ ಇಲ್ಲ, ತಾಯಿ ಇಲ್ಲ, ಗಾಳಿಗೆ ಹುಟ್ಟಿದ ಪೋರ! ತಿರುಗಿ ತಿರುಗಿ ಬೂಟಿನ ಕಂಪನೀಲಿ ಕೆಲಸಕ್ಕೆ ಸೇರ್ದ, ಅಲ್ಲಿಂದ ಹಲ್ಲಿನ ಪಟ್ಟಿ ಮನೆಗೆ ದತ್ತು ಹೋದ!"

ಚಪ್ಪಾಳೆಗೆ ಕಿಟಕಿ ಗಾಜು ಅದುರಿತು. ಪೇಪರ್ ಅಜ್ಜ ಎಚ್ಚರವಾಗಿ, ಯಾಕೆಂದು ತಿಳಿಯದೆ ತಾನೂ ತಟ್ಟಿದ. ಮೇಡಂ ಕಣ್ಣಲ್ಲಿ ನೀರು. ಕಲಿಸಿದ ಒಂದು ಮಾತೂ ತಪ್ಪಿರಲಿಲ್ಲ. ಪಾಪ, ದರ್ಜಿಯ ಹತ್ತಿರ ಉಳಿದದ್ದು ಜಿಪ್ಪರಾಜ ಒಬ್ಬನೇ. ಅವನನ್ನು ಹೊರಗೆ ಬಿಟ್ಟಿದ್ದರೆ ಆ ಕ್ಷಣವೇ ಸೋಲು ಕೈಗೆ ಸಿಗುತ್ತಿತ್ತು. ಆದರೆ ಸತ್ಯವಾದ ರಾಜನನ್ನು ಹೇಳಿ ಇನ್ನಷ್ಟು ಗೆಲ್ಲುವ ಮೂರ್ಖತನಕ್ಕೆ ಅವನು ಕೈಹಾಕಲಿಲ್ಲ. ಹಲ್ಲು ಕಚ್ಚಿ ಕೂತುಬಿಟ್ಟ.

ಸಾಹೇಬರು ಎದ್ದು, ಹೊಸ ವಿಭಾಗವನ್ನು ಘೋಷಿಸಿ, ಕೂಲಿಗಳಿಗೆ ಸನ್ನೆ ಮಾಡಿದರು. ಇಬ್ಬರೂ ಮೆಟ್ಟಿಲಿಳಿದು ಮೆಷಿನ್ನಿಗೆ ಕೈ ಹಚ್ಚಿದರು. ಅದರ ಚಕ್ರ ನೆಲಕ್ಕೆ ಕಿರ್ರೆಂದು ಉಜ್ಜಿದ ಸದ್ದು ಮೇಲಿನ ಕೋಣೆಗೆ ಕೇಳಿಸಿತು. ದರ್ಜಿ ಸಾಹೇಬರು ಕೊಟ್ಟ ಹೂವಿನ ಗುಚ್ಛ ಹಿಡಿದುಕೊಂಡು ನಿಂತಿದ್ದ, ಸತ್ತವರ ಮನೆಯಲ್ಲಿ ನಿಂತ ಹಾಗೆ.

ಆಗ ಹಿಂದಿನ ಸಾಲಿನಿಂದ ಹೆಂಡತಿ ಎದ್ದಳು.

"ಸಾಹೇಬ್ರೇ, ಒಂದು ಮಾತು ಕೇಳ್ಲಾ? ನಾನು ಓದಿದವಳಲ್ಲ. ಈ ಪದ ಹುಟ್ಟಿದ್ದು ಸದ್ದಿಂದ ಅಂದ್ರಲ್ಲ ಇವರು."

"ಹೌದಮ್ಮಾ, ಸದ್ದಿಂದಲೇ."

"ಹಾಗಾದ್ರೆ ಮುಂದಿನ ಪದಗಳನ್ನ ಇವರು ಹುಡುಕೋದು ಸದ್ದಿನಿಂದ್ಲೇ ತಾನೆ? ಸದ್ದು ಮಾಡೋ ಮೆಷಿನ್ನೇ ಉಗ್ರಾಣಕ್ಕೆ ಹಾಕಿ, ಇವರನ್ನ ಮೌನದ ಚೀಟಿ ಕೆಳಗೆ ಕೂರಿಸಿದ್ರೆ ಏನು ಕೇಳಿಸ್ಕೊಳ್ತಾರೆ? ನನ್ನ ಗೊರಕೆ ಕೇಳಿ ಬರೀಬೇಕಾ?"

ಅಷ್ಟು ಓದಿದ ಸಾಹೇಬರಿಗೆ ಇದು ಹೊಳೆದಿರಲಿಲ್ಲ, ಆದರೆ ಹೊಳೆದಿರಲಿಲ್ಲ ಎಂದು ಒಪ್ಪುವಷ್ಟು ಅವರು ಓದಿರಲಿಲ್ಲ. ಮೇಡಂ ಕಡೆ ತಿರುಗಿದರು.

"ನಾನೂ ಅದನ್ನೇ ಯೋಚಿಸ್ತಿದ್ದೆ. ನೀವೇನಂತೀರಿ ಮೇಡಂ?"

ಮೇಡಂಗೆ ಒಂದೇ ಒಂದು ಮಾತು ಸಾಕಿತ್ತು. ಮೆಷಿನ್ ಉಗ್ರಾಣಕ್ಕೆ ಹೋಗುತ್ತಿತ್ತು, ಅವರು ಬಂದ ದಿನದಿಂದ ಬಯಸಿದ ಮೌನ ಗ್ರಂಥಾಲಯಕ್ಕೆ ಸಿಗುತ್ತಿತ್ತು. ಅವರು ತಮ್ಮ ಶಿಷ್ಯನನ್ನು ನೋಡಿದರು. ಶಿಷ್ಯ ಹೂಗುಚ್ಛದ ಹಿಂದಿನಿಂದ ಇಣುಕುತ್ತಿದ್ದ. ಜೀವಮಾನದಲ್ಲಿ ಅವರು ಕಲಿಸಿದ್ದನ್ನು ಹೀಗೆ ಬೆವರಿಳಿಸಿ ಒಪ್ಪಿಸಿದವರು ಇನ್ನೊಬ್ಬರಿರಲಿಲ್ಲ.

"ಉಪಕರಣ ಇಲ್ಲದ ಸಂಶೋಧನೆ ನಾನು ಕೇಳಿಲ್ಲ ಸಾರ್," ಎಂದರು ಮೇಡಂ. "ಮೆಷಿನ್ ಇರಲಿ. ಪ್ಯಾಂಟುಗಳೂ ಇರಲಿ. ಖಾಲಿ ಓಡಿಸಿದ್ರೆ ಸರಿಯಾದ ಸದ್ದು ಬರಲ್ಲ."

ಕೂಲಿಗಳು ಅರ್ಧ ಎತ್ತಿದ್ದ ಮೆಷಿನ್ನನ್ನು ಇದ್ದಲ್ಲಿಯೇ ಇಳಿಸಿದರು. ಮೇಜು ಕುರ್ಚಿಗಳು ಉಗ್ರಾಣ ಸೇರಿದವು. ಆ ವಾರವೇ ಮುಖ್ಯ ಕಚೇರಿಯಿಂದ ಮೆಷಿನ್ನಿಗೆ ಸರ್ಕಾರಿ ನಂಬರು ಬಂತು, ಡಬ್ಬಿ ತುಂಬಾ ಎಣ್ಣೆ ಬಂತು. ಭಾವಮೈದ ಮಾತ್ರ ತನ್ನ ರಾಜನಿಗೆ ಅನ್ಯಾಯವಾಯಿತೆಂದು ಬಹಳ ದಿನ ಅಕ್ಕನ ಮನೆಯ ಟೀ ಮುಟ್ಟಲಿಲ್ಲ. ಕಾಫಿ ಕುಡಿದುಕೊಂಡೇ ಕೋಪ ತೀರಿಸಿಕೊಂಡ.

ಹದಿನೈದು ದಿನ ಕಳೆದ ಮೇಲೆ ಒಂದು ಮಧ್ಯಾಹ್ನ. ಪರದೆಗಳ ದೊಡ್ಡ ಕೆಲಸ ಬಂದಿತ್ತು. ದರ್ಜಿ ಹೊಸ ಎಣ್ಣೆ ಹಾಕಿ ಪೆಡಲ್ ತುಳಿಯುತ್ತಿದ್ದರೆ ಮೆಷಿನ್ನು ಹಿಂದೆಂದೂ ಇಲ್ಲದ ಉಲ್ಲಾಸದಿಂದ ಟರ್ರೆಂದು ಅರಚುತ್ತಿತ್ತು. ಮೇಲೆ ಪೇಪರ್ ಅಜ್ಜನ ನಿದ್ದೆ ಕೆಟ್ಟು, ಅವನು ಪೇಪರನ್ನು ಕಂಕುಳಲ್ಲಿ ಇರುಕಿಕೊಂಡು, ಕೆಮ್ಮುತ್ತಾ, ದಡದಡ ಮೆಟ್ಟಿಲಿಳಿದು ಮೇಡಂ ಹತ್ತಿರ ದೂರು ಹೇಳಲು ಬಂದ.

"ಏನಮ್ಮಾ ಇದು, ಗ್ರಂಥಾಲಯದಲ್ಲಿ ಇಷ್ಟೊಂದು..."

ಸ್ಟೂಲಿನ ಮೇಲೆ ಕೂತು ಗಲ್ಲಕ್ಕೆ ಕೈಯಿಟ್ಟು ಮೆಷಿನ್ನಿನ ಸದ್ದನ್ನೇ ಕೇಳುತ್ತಿದ್ದ ಮೇಡಂ, ತುಟಿಯ ಮೇಲೆ ಬೆರಳಿಟ್ಟರು.

"ಶ್! ಸಂಶೋಧನೆ ನಡೀತಿದೆ. ಮೆಲ್ಲಗೆ ಕೆಮ್ಮಿ."

ಅಜ್ಜ ಕೆಮ್ಮನ್ನು ನುಂಗಿಕೊಂಡ. ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದ. ಆ ಗದ್ದಲಕ್ಕೆ ತನ್ನಿಂದ ಎಲ್ಲಿ ಭಂಗ ಬಂದೀತೋ ಎಂದು ತುದಿಗಾಲಲ್ಲಿ ಮೆಟ್ಟಿಲು ಹತ್ತಿ ಹೋದ.